ಹಳ್ಳದಲ್ಲಿ ನೀರುನಾಯಿ ಇದೆ, ಕಾಗದಕ್ಕೆ ಸಹಿ ಹಾಕಲಾ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದು 34 ಎಕರೆ ಕಾಫಿ ತೋಟ. ಕೆಳಗೆ ಹಳ್ಳದ ಪಕ್ಕದ ಐದಾರು ಎಕರೆಯನ್ನು ಅಪ್ಪನ ಕಾಲದಿಂದಲೂ ಹಾಗೇ ಬಿಟ್ಟಿದ್ದೇವೆ. ಅಲ್ಲಿಗೆ ಮಂಗಟ್ಟೆ ಹಕ್ಕಿ ಬರುತ್ತವೆ, ಈ ವರ್ಷ ನೀರುನಾಯಿಯೂ ಕಾಣಿಸಿತು. ಅಮೆರಿಕದ ನಾರ್ತ್ ಕ್ಯಾರೊಲೈನಾದಲ್ಲಿರುವ ನನ್ನ ತಮ್ಮ, 'ಇಲ್ಲಿ ಜಮೀನಿನವರು ಸರ್ಕಾರದ ಜೊತೆ ವನ್ಯಜೀವಿ ಒಪ್ಪಂದ ಮಾಡಿಕೊಳ್ತಾರೆ, ತೆರಿಗೆ ಕಮ್ಮಿಯಾಗುತ್ತೆ, ನೀನೂ ಮಾಡು' ಅಂತಾನೆ. ಊರಿನವರು, 'ಅರಣ್ಯ ಇಲಾಖೆಗೆ ಒಂದು ಕಾಗದ ಕೊಟ್ಟರೆ ತೋಟ ಹೋಯ್ತು ಅಂತಲೇ ಲೆಕ್ಕ' ಅಂತಾರೆ. ಯಾರ ಮಾತು ಸರಿ? ನೀರುನಾಯಿ ವಿಷಯ ಇಲಾಖೆಗೆ ತಿಳಿಸಬೇಕಾ?

ಉತ್ತರ:

ತಮ್ಮ ಹೇಳಿದ್ದು ಅವರ ಊರಿಗೆ ಸರಿ. ನಿಮ್ಮ ಊರಿನವರ ಭಯ ಪೂರ್ತಿ ಸರಿಯಲ್ಲ, ಆದರೆ ಸುಮ್ನೆ ಹುಟ್ಟಿದ್ದೂ ಅಲ್ಲ.

ಮೊದಲು ತೆರಿಗೆ ವಿಷಯ ಮುಗಿಸಿಬಿಡೋಣ. ನಾರ್ತ್ ಕ್ಯಾರೊಲೈನಾದಲ್ಲಿ ಅಂಥ ಯೋಜನೆ ನಿಜವಾಗಿಯೂ ಇದೆ. ಕನಿಷ್ಠ 20 ಎಕರೆ ಒಂದೇ ಕಡೆ ಇರಬೇಕು, ಐದು ವರ್ಷದಿಂದ ನಿಮ್ಮ ಕೈಯಲ್ಲಿರಬೇಕು, ಅಲ್ಲಿ ಕಾಪಾಡಬೇಕಾದ ಪ್ರಾಣಿಯ ನೆಲೆ ಇರಬೇಕು. ರಾಜ್ಯದ ವನ್ಯಜೀವಿ ಆಯೋಗದ ಜೊತೆ ಒಪ್ಪಂದ ಬರೆದುಕೊಂಡರೆ ಜಮೀನಿನ ತೆರಿಗೆಯನ್ನು ಕಡಿಮೆ ದರದಲ್ಲಿ ಹಾಕುತ್ತಾರೆ. ಅಲ್ಲಿ ಜಮೀನಿನ ತೆರಿಗೆ ವರ್ಷ ವರ್ಷ ಕೈ ಸುಡುವಷ್ಟಿರುತ್ತದೆ. ಅದಕ್ಕೇ ಆ ರಿಯಾಯಿತಿಗೆ ಬೆಲೆ. ನಮ್ಮಲ್ಲಿ ತೋಟದ ಕಂದಾಯ ಎಷ್ಟು ಕಟ್ಟುತ್ತೀರಿ? ಅದನ್ನು ಪೂರ್ತಿ ಮನ್ನಾ ಮಾಡಿದರೂ ಒಂದು ದಿನದ ಆಳಿನ ಲೆಕ್ಕಕ್ಕೆ ಸಾಲದು. ಹಾಗಾಗಿ ತೆರಿಗೆ ದಾರಿಯಿಂದ ನಮಗೆ ಏನೂ ಗಿಟ್ಟುವುದಿಲ್ಲ.

ಆದರೆ ಅದೇ ನಾರ್ತ್ ಕ್ಯಾರೊಲೈನಾದಲ್ಲಿ ಇನ್ನೊಂದು ಒಪ್ಪಂದ ಹುಟ್ಟಿತು. ಅದರಲ್ಲಿ ದುಡ್ಡಿನ ಮಾತೇ ಇರಲಿಲ್ಲ, ಆದರೂ ಜನ ಸಾಲಾಗಿ ಬಂದು ಸಹಿ ಹಾಕಿದರು. ನಿಮಗೆ ಬೇಕಾದ ಪಾಠ ಅದರಲ್ಲಿದೆ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಅಲ್ಲೊಂದು ಮರಕುಟಿಗ ಇದೆ, ರೆಡ್ ಕಾಕೇಡೆಡ್ ವುಡ್‌ಪೆಕರ್. ಕಪ್ಪು ಬಿಳಿ ಪಟ್ಟೆಯ ಸಣ್ಣ ಹಕ್ಕಿ. ಬೇರೆ ಮರಕುಟಿಗಗಳು ಒಣಮರ ಹುಡುಕಿ ಕುಟ್ಟಿದರೆ, ಇದಕ್ಕೆ ಜೀವಂತ ಪೈನ್ ಮರವೇ ಬೇಕು. ಅದೂ ಅರವತ್ತು ಎಪ್ಪತ್ತು ವರ್ಷ ದಾಟಿದ ಮುದಿ ಮರ. ಒಂದು ಪೊಟರೆ ಕೊರೆಯಲು ವರ್ಷಗಟ್ಟಲೆ ಹಿಡಿಯುತ್ತದೆ. ಪೊಟರೆ ಸುತ್ತ ಅಲ್ಲಲ್ಲಿ ಕುಕ್ಕಿ ಅಂಟು ಸುರಿಯುವಂತೆ ಮಾಡುತ್ತದೆ, ಹಾವು ಹತ್ತದಿರಲಿ ಅಂತ. ಅಪ್ಪ, ಅಮ್ಮ, ಹಿಂದಿನ ವರ್ಷದ ಗಂಡುಮಕ್ಕಳು ಎಲ್ಲ ಸೇರಿ ಮರಿ ಸಾಕುವ ಕೂಡುಕುಟುಂಬ. ಲಾಂಗ್‌ಲೀಫ್ ಪೈನ್ ಕಾಡು ಕಡಿದು ಮುಗಿಯುತ್ತಾ ಬಂದ ಹಾಗೆ ಹಕ್ಕಿಯೂ ಮುಗಿಯುತ್ತಾ ಬಂತು. 1970ರಲ್ಲೇ ಅಳಿವಿನಂಚಿನ ಪಟ್ಟಿಗೆ ಸೇರಿತು.

1973ರಲ್ಲಿ ಅಮೆರಿಕದ ಅಳಿವಿನಂಚಿನ ಜೀವಿಗಳ ಕಾಯ್ದೆ ಬಂತು. ತುಂಬಾ ಬಿಗಿ ಕಾಯ್ದೆ. ಹಕ್ಕಿಯನ್ನು ಕೊಲ್ಲುವುದಷ್ಟೇ ಅಲ್ಲ, ಅದಕ್ಕೆ ಪೆಟ್ಟಾಗುವಂತೆ ಅದರ ನೆಲೆ ಹಾಳು ಮಾಡಿದರೂ ಅಪರಾಧ. ನಿಮ್ಮ ಸ್ವಂತ ಜಮೀನಾದರೂ ಅಷ್ಟೇ. ಒಂದು ಕುಟುಂಬ ಬಂದು ನಿಮ್ಮ ಪೈನ್ ಮರದಲ್ಲಿ ಕೂತಿತು ಅಂದರೆ ಸುತ್ತಲಿನ ಹತ್ತಾರು ಎಕರೆ ಮರಕ್ಕೆ ನೀವು ಕೈ ಹಚ್ಚುವ ಹಾಗಿಲ್ಲ.

ಆಗ ಜನ ಏನು ಮಾಡಿದರು? ನಾವಿದ್ದರೂ ಅದನ್ನೇ ಮಾಡುತ್ತಿದ್ದೆವೋ ಏನೋ. ಪಕ್ಕದ ಜಮೀನಿಗೆ ಹಕ್ಕಿ ಬಂತು ಅಂತ ಸುದ್ದಿ ಸಿಕ್ಕರೆ ಸಾಕು, ಇವರು ತಮ್ಮ ಮರ ಕಡಿದು ಮಾರಿದರು. ಮರ ಮುದಿಯಾಗುವ ಮೊದಲೇ ಕಡಿದರೆ ಹಕ್ಕಿ ಬರುವ ಮಾತೇ ಇಲ್ಲವಲ್ಲ. ಇದು ಬರೀ ಬಾಯಿಮಾತಲ್ಲ. ಡೀನ್ ಲ್ಯೂಕ್, ಜೆಫ್ರಿ ಮೈಕೆಲ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ನಾರ್ತ್ ಕ್ಯಾರೊಲೈನಾದ ಲೆಕ್ಕ ತೆಗೆದು 2003ರಲ್ಲಿ ತೋರಿಸಿದರು: ಹಕ್ಕಿಯ ಗೂಡಿಗೆ ಜಮೀನು ಹತ್ತಿರವಾದಷ್ಟೂ ಮರ ಬೇಗ ಕಡಿದಿದ್ದಾರೆ. ಅಂದರೆ ಹಕ್ಕಿ ಉಳಿಸಲು ಬಂದ ಕಾಯ್ದೆಯೇ ಹಕ್ಕಿ ಬರಬಹುದಾದ ಮರಗಳನ್ನು ಕಡಿಸಿತು.

1995ರಲ್ಲಿ, ಆ ರಾಜ್ಯದ ಸ್ಯಾಂಡ್‌ಹಿಲ್ಸ್ ಎಂಬ ಮರಳುದಿಬ್ಬಗಳ ಸೀಮೆಯಲ್ಲಿ, ಈ ಗಂಟು ಬಿಚ್ಚಿದರು. ಎನ್ವಿರಾನ್‌ಮೆಂಟಲ್ ಡಿಫೆನ್ಸ್ ಫಂಡ್ ಸಂಸ್ಥೆಯ ವಕೀಲ ಮೈಕೆಲ್ ಬೀನ್ ಇದರ ಹಿಂದಿದ್ದ ಮುಖ್ಯ ವ್ಯಕ್ತಿ. ಹೆಸರು ಸೇಫ್ ಹಾರ್ಬರ್ ಒಪ್ಪಂದ. ಮೊದಲು ಸೇರಿದವರಲ್ಲಿ ಪೈನ್‌ಹರ್ಸ್ಟ್‌ನ ಗಾಲ್ಫ್ ಮೈದಾನದವರೂ ಒಬ್ಬರು.

ಒಪ್ಪಂದ ಹೀಗಿದೆ. ಸಹಿ ಹಾಕುವ ದಿನ ನಿಮ್ಮ ಜಮೀನಿನಲ್ಲಿ ಎಷ್ಟು ಹಕ್ಕಿ ಕುಟುಂಬ ಇವೆ ಅಂತ ಎಣಿಸಿ ಬರೆಯುತ್ತಾರೆ. ಎರಡಿದ್ದರೆ ಎರಡು, ಸೊನ್ನೆ ಇದ್ದರೆ ಸೊನ್ನೆ. ಅದು ನಿಮ್ಮ ಮೊದಲ ದಿನದ ಲೆಕ್ಕ. ಆ ಲೆಕ್ಕದಷ್ಟನ್ನು ನೀವು ಕಾಪಾಡಲೇಬೇಕು. ಆಮೇಲೆ ನೀವು ಮರ ಬೆಳೆಯಲು ಬಿಟ್ಟಿರಿ, ಅಡಿಗಿಡ ಸುಟ್ಟು ಕಾಡನ್ನು ತೆರವಾಗಿ ಇಟ್ಟಿರಿ, ಹಕ್ಕಿಗೆ ಪೊಟರೆಯನ್ನೂ ಮಾಡಿಕೊಟ್ಟಿರಿ ಅನ್ನಿ. ಈ ಪೊಟರೆ ಕೆಲಸ ನೋಡಲು ಚೆಂದ. ಗರಗಸದಿಂದ ಮರದ ಕಾಂಡದಲ್ಲಿ ಚೌಕ ಗೂಡು ಕೊರೆದು, ತೂತಿರುವ ಮರದ ಡಬ್ಬಿಯನ್ನು ಅದರೊಳಗೆ ತಳ್ಳಿ, ಸಂದಿಗೆ ಮೆತ್ತಿ, ಮೇಲೆ ಬಣ್ಣ ಬಳಿಯುತ್ತಾರೆ. ಹಕ್ಕಿ ವರ್ಷಗಟ್ಟಲೆ ಕುಟ್ಟುವ ಕೆಲಸ ಮನುಷ್ಯನ ಕೈಯಲ್ಲಿ ಗಂಟೆಗಳಲ್ಲಿ ಮುಗಿಯುತ್ತದೆ. ಹೀಗೆಲ್ಲ ಮಾಡಿ ಹತ್ತು ವರ್ಷದಲ್ಲಿ ಎರಡು ಕುಟುಂಬ ಐದಾದವು ಅಂದುಕೊಳ್ಳಿ. ಮುಂದೆ ಮಗಳ ಮದುವೆಗೋ ಸಾಲಕ್ಕೋ ಮರ ಕಡಿಯಬೇಕಾಯಿತು. ಆ ಹೆಚ್ಚಾದ ಮೂರು ಕುಟುಂಬ ನಿಮ್ಮನ್ನು ಕಟ್ಟಿಹಾಕುವುದಿಲ್ಲ. ಮುಂಚೆ ತಿಳಿಸಬೇಕು, ಹಕ್ಕಿಗಳನ್ನು ಹಿಡಿದು ಬೇರೆ ಕಡೆ ಬಿಡಲು ಅವಕಾಶ ಕೊಡಬೇಕು, ಅಷ್ಟೇ. ಕೇಸಿಲ್ಲ, ದಂಡವಿಲ್ಲ.

ನೋಡಿ, ಇದರಲ್ಲಿ ಸರ್ಕಾರ ಬಿಚ್ಚಿದ್ದು ದುಡ್ಡಿನ ಚೀಲವನ್ನಲ್ಲ. 'ಒಳ್ಳೇದು ಮಾಡಿದ್ದಕ್ಕೆ ನಾಳೆ ನಿನ್ನ ಕುತ್ತಿಗೆ ಹಿಡಿಯಲ್ಲ' ಅಂತ ಬರೆದುಕೊಟ್ಟಿತು. ಜನಕ್ಕೆ ಬೇಕಾಗಿದ್ದೂ ಅದೇ. 1999ರಲ್ಲಿ ಇದು ಇಡೀ ದೇಶದ ನೀತಿಯಾಯಿತು. ಇನ್ನೂ ಪಟ್ಟಿಗೆ ಸೇರದ, ಸೇರುವ ಅಂಚಿನಲ್ಲಿರುವ ಜೀವಿಗಳಿಗೂ ಅದೇ ವರ್ಷ ಇಂಥದೇ ಇನ್ನೊಂದು ಒಪ್ಪಂದ ಬಂತು. 2024ರಲ್ಲಿ ಎರಡನ್ನೂ ಒಂದೇ ಮಾಡಿದ್ದಾರೆ. ಹಕ್ಕಿಯ ಕಥೆ ಏನಾಯಿತು ಅಂದರೆ, 1970ರ ದಶಕದ ಕೊನೆಗೆ ಸುಮಾರು 1,470 ಗುಂಪಿದ್ದದ್ದು ಈಗ ಸುಮಾರು 7,800 ಆಗಿದೆ. 2024ರ ಅಕ್ಟೋಬರ್‌ನಲ್ಲಿ ಅದನ್ನು 'ಅಳಿವಿನಂಚು' ಪಟ್ಟಿಯಿಂದ ಒಂದು ಮೆಟ್ಟಿಲು ಕೆಳಗಿಳಿಸಿದರು. ಇದೆಲ್ಲ ಒಪ್ಪಂದದಿಂದಲೇ ಆಯಿತು ಅಂತ ನಾನು ಹೇಳಲ್ಲ. ಸರ್ಕಾರಿ ಕಾಡು, ಸೇನೆಯ ಜಮೀನುಗಳ ಪಾಲೂ ದೊಡ್ಡದು. ಆದರೆ ಹಕ್ಕಿ ಕಂಡರೆ ಗರಗಸ ಹುಡುಕುತ್ತಿದ್ದವರು ಹಕ್ಕಿಗೆ ಡಬ್ಬಿ ಮಾಡಿಕೊಡುವಂತಾದದ್ದು ಸಣ್ಣ ಮಾತಲ್ಲ.

ಈಗ ನಮ್ಮ ತೋಟಕ್ಕೆ ಬನ್ನಿ. ಈ ಪೈನ್ ಮರದ ಕಥೆ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಿಮ್ಮ ತೋಟದಲ್ಲೇ ಇದೆ. ಅದರ ಹೆಸರು ಸಿಲ್ವರ್ ಓಕ್.

ಕರ್ನಾಟಕದ 1976ರ ಮರಗಳ ಸಂರಕ್ಷಣೆ ಕಾಯ್ದೆ ಪ್ರಕಾರ ನಿಮ್ಮ ಸ್ವಂತ ಜಮೀನಿನ ಮರ ಕಡಿಯಲೂ ಅನುಮತಿ ಬೇಕು. ಮತ್ತಿ, ನಂದಿ, ಹೊನ್ನೆ, ಯಾವುದಾದರೂ ಸರಿ, ಅರ್ಜಿ ಕೊಡಿ, ಅಲೆಯಿರಿ, ಕಾಯಿರಿ. ಆದರೆ ಕಾಯ್ದೆಯಲ್ಲೇ ಕೆಲವು ಮರಗಳಿಗೆ ವಿನಾಯಿತಿ ಇದೆ. ಆಸ್ಟ್ರೇಲಿಯಾದಿಂದ ಬಂದ ಸಿಲ್ವರ್ ಓಕ್ ಅದರಲ್ಲೊಂದು. ಹಾಗಾದರೆ ಬುದ್ಧಿ ಇರುವ ಬೆಳೆಗಾರ ಯಾವ ಮರ ನೆಡುತ್ತಾನೆ? ಬೇಗ ಬೆಳೆಯುತ್ತೆ, ಮೆಣಸಿನ ಬಳ್ಳಿ ನೇರ ಹತ್ತುತ್ತೆ, ಬೇಕಾದಾಗ ಕಡಿದು ಮಾರಬಹುದು. ಕೊಡಗು, ಚಿಕ್ಕಮಗಳೂರು, ಹಾಸನ, ಎಲ್ಲ ಕಡೆ ಕಾಡುಮರದ ನೆರಳು ತೆಳುವಾಗಿ ಸಿಲ್ವರ್ ಓಕ್ ಸಾಲು ಎದ್ದಿದ್ದಕ್ಕೆ ಇದೂ ಒಂದು ಮುಖ್ಯ ಕಾರಣ. ಮಂಗಟ್ಟೆಗೆ ಬೇಕಾದ ಅತ್ತಿ, ಬಸರಿ ಹಣ್ಣು ಸಿಲ್ವರ್ ಓಕ್‌ನಲ್ಲಿ ಬಿಡುತ್ತಾ? ಮರ ಉಳಿಸಲು ಬಂದ ಕಾನೂನು ಕಾಡುಮರ ಇಟ್ಟುಕೊಂಡವನಿಗೇ ಹೊರೆಯಾಯಿತು. ಅಲ್ಲಿ ಹಕ್ಕಿಗೆ ಆದದ್ದು ಇಲ್ಲಿ ಮರಕ್ಕಾಯಿತು.

ಅಮೆರಿಕಕ್ಕೂ ನಮಗೂ ಒಂದು ದೊಡ್ಡ ವ್ಯತ್ಯಾಸ ಇದೆ, ಅದನ್ನು ಸರಿಯಾಗಿ ತಿಳಿದುಕೊಳ್ಳಿ. ನಮ್ಮ 1972ರ ವನ್ಯಜೀವಿ ಕಾಯ್ದೆ ಪ್ರಾಣಿಯನ್ನು ಕಾಯುತ್ತದೆ. ಪ್ರಾಣಿ ಬಂದು ನಿಂತ ಖಾಸಗಿ ಜಮೀನನ್ನು ಅಷ್ಟಕ್ಕೇ ಕಟ್ಟಿಹಾಕುವುದಿಲ್ಲ. ಹಿಡಿಯುವುದು, ಕೊಲ್ಲುವುದು, ಗಾಯ ಮಾಡುವುದು, ವಿಷ ಇಡುವುದು ಅಪರಾಧ. ಹಕ್ಕಿಯ ಗೂಡು ಮೊಟ್ಟೆಗೆ ಕೈ ಹಾಕುವುದೂ 'ಬೇಟೆ' ಅನ್ನುವ ಅರ್ಥದಲ್ಲೇ ಬರುತ್ತದೆ. ಮಂಗಟ್ಟೆ ಗೂಡಿರುವ ಮರ ಉರುಳಿಸಿದರೆ ಅನುಮತಿ ಇದ್ದರೂ ಸಿಕ್ಕಿಬೀಳುತ್ತೀರಿ. ಆದರೆ ಹಳ್ಳದಲ್ಲಿ ನೀರುನಾಯಿ ಇದೆ ಅನ್ನುವ ಒಂದೇ ಕಾರಣಕ್ಕೆ ನೀವು ಕಾಫಿ ಕೊಯ್ಯುವುದನ್ನು, ಗಿಡ ಕಸಿ ಮಾಡುವುದನ್ನು ಯಾರೂ ನಿಲ್ಲಿಸುವ ಹಾಗಿಲ್ಲ.

ಹಾಗಾದರೆ ಊರಿನವರ ಭಯ ಎಲ್ಲಿಂದ ಬಂತು? ಪ್ರಾಣಿಯಿಂದ ಅಲ್ಲ, 'ಅರಣ್ಯ' ಅನ್ನುವ ಪದದಿಂದ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಂದು ಆದೇಶ ಕೊಟ್ಟಿತು. ನಿಘಂಟಿನ ಅರ್ಥದಲ್ಲಿ ಯಾವುದು ಕಾಡೋ ಅದು ಅರಣ್ಯವೇ, ಮಾಲೀಕ ಯಾರೇ ಇರಲಿ ಅಂತ. ಅಲ್ಲಿಂದ ಶುರುವಾಗಿದ್ದು ಡೀಮ್ಡ್ ಫಾರೆಸ್ಟ್ ಗಲಾಟೆ, ಅಂದರೆ ದಾಖಲೆಯಲ್ಲಿ ಅರಣ್ಯ ಅಂತ ಇಲ್ಲದಿದ್ದರೂ ಅರಣ್ಯ ಅಂತಲೇ ಎಣಿಸುವ ಜಾಗದ ಗಲಾಟೆ. ಕರ್ನಾಟಕದಲ್ಲಿ ಮೊದಲು ಸುಮಾರು 9.94 ಲಕ್ಷ ಹೆಕ್ಟೇರ್ ಗುರುತಿಸಿದ್ದರು, 2022ರಲ್ಲಿ ಅದನ್ನು ಸುಮಾರು 3.3 ಲಕ್ಷಕ್ಕೆ ಇಳಿಸಿದರು. 2023ರಲ್ಲಿ ಕೇಂದ್ರದ ಅರಣ್ಯ ಸಂರಕ್ಷಣಾ ಕಾಯ್ದೆ ತಿದ್ದುಪಡಿಯಾಗಿ ಅರಣ್ಯದ ಅರ್ಥ ಚಿಕ್ಕದಾಯಿತು. ಮತ್ತೆ 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್, ಸದ್ಯಕ್ಕೆ ಹಳೇ ಅರ್ಥವನ್ನೇ ಅನುಸರಿಸಿ ಅಂತ ಮಧ್ಯಂತರ ಆದೇಶ ಕೊಟ್ಟಿತು. ಹೀಗೆ ಎಳೆದಾಡುವಾಗ ಸಾಮಾನ್ಯ ಬೆಳೆಗಾರ ಏನು ಲೆಕ್ಕ ಹಾಕುತ್ತಾನೆ? 'ಹಾಗೇ ಬಿಟ್ಟರೆ ಕಾಡು ಅಂತಾರೆ, ಅದಕ್ಕೆ ಮೊದಲೇ ಬೋಳು ಮಾಡಿಬಿಡೋಣ.' ಸ್ಯಾಂಡ್‌ಹಿಲ್ಸ್‌ನವರದ್ದೂ ಇದೇ ಲೆಕ್ಕ. ನಮ್ಮಲ್ಲಿ ಇಲ್ಲದಿರುವುದು ಆ ಮೊದಲ ದಿನದ ಲೆಕ್ಕದ ಕಾಗದ. 'ಇವನು ತಾನಾಗಿ ಬೆಳೆಸಿದ್ದು, ನಾಳೆ ಇದನ್ನು ಇವನ ಮೇಲೆ ಹೇರಲ್ಲ' ಅನ್ನುವ ಭರವಸೆ ಕೊಡುವ ಸರ್ಕಾರಿ ಒಪ್ಪಂದ ನಮ್ಮ ಕಾನೂನಿನಲ್ಲಿಲ್ಲ.

ಇರುವುದು ಇನ್ನೊಂದು. ಸಮುದಾಯ ಮೀಸಲು. ವನ್ಯಜೀವಿ ಕಾಯ್ದೆಗೆ 2003ರಿಂದ ಜಾರಿಗೆ ಬಂದ 36ಸಿ ಕಲಂ. ಹೆಸರಲ್ಲಿ ಸಮುದಾಯ ಇದ್ದರೂ ಒಬ್ಬನೇ ವ್ಯಕ್ತಿ ತನ್ನ ಜಮೀನನ್ನು ತಾನಾಗಿ ಮುಂದೆ ತರಬಹುದು. ಮಾಲೀಕತ್ವ ನಿಮ್ಮದೇ ಉಳಿಯುತ್ತದೆ. 2022ರ ತಿದ್ದುಪಡಿಯಿಂದ ಒಂದು ಒಳ್ಳೇ ಬದಲಾವಣೆಯೂ ಆಗಿದೆ. ಖಾಸಗಿ ಜಮೀನಾದರೆ ಅದರ ನಿರ್ವಹಣಾ ಸಮಿತಿಯಲ್ಲಿ ಮಾಲೀಕ, ಇಲಾಖೆಯ ಪ್ರತಿನಿಧಿ, ಪಂಚಾಯ್ತಿ ಅಥವಾ ಬುಡಕಟ್ಟಿನ ಪ್ರತಿನಿಧಿ ಇರಬೇಕು. ಮೊದಲು ಪಂಚಾಯ್ತಿ ಕಡೆಯಿಂದ ಐದು ಜನ, ಇಲಾಖೆಯ ಒಬ್ಬರು ಇರುತ್ತಿದ್ದರು. ಮಾಲೀಕನಿಗೆ ಅಂತ ಬೇರೆ ಕುರ್ಚಿಯೇ ಇರಲಿಲ್ಲ!

ಆದರೆ ಸಹಿ ಹಾಕುವ ಮೊದಲು ಎರಡು ವಾಕ್ಯ ಓದಿ. ಒಂದು: ಘೋಷಣೆ ಆದ ಮೇಲೆ ಜಮೀನಿನ ಬಳಕೆ ಬದಲಿಸಬೇಕಾದರೆ ಸಮಿತಿಯ ನಿರ್ಣಯ ಬೇಕು, ಅದಕ್ಕೆ ರಾಜ್ಯ ಸರ್ಕಾರದ ಒಪ್ಪಿಗೆಯೂ ಬೇಕು. ಎರಡು: ಅಭಯಾರಣ್ಯದಲ್ಲಿ ಬೆಂಕಿ ಹಾಕುವುದಕ್ಕೆ, ವನ್ಯಜೀವಿಗೆ ಹಾನಿ ಮಾಡುವ ರಾಸಾಯನಿಕ ಬಳಸುವುದಕ್ಕೆ ಇರುವ ನಿಷೇಧ ಇಲ್ಲಿಗೂ ಬರುತ್ತದೆ. ಕಾಂಡಕೊರಕಕ್ಕೆ ಔಷಧಿ ಹೊಡೆಯುವ ತೋಟವನ್ನು ಇದರೊಳಗೆ ಸೇರಿಸಿದರೆ ತೋಟದ ಲೆಕ್ಕ ನೋಡುವ ನಿಮ್ಮ ರೈಟರ್ ದಿನಾ ನಿಮಗೆ ಫೋನ್ ಮಾಡುತ್ತಾನೆ. ಸೇಫ್ ಹಾರ್ಬರ್‌ನಲ್ಲಿ ಹಿಂದಕ್ಕೆ ಹೋಗುವ ಬಾಗಿಲು ಇತ್ತು. ಇದರಲ್ಲಿ ಬಾಗಿಲ ಚಿಲಕ ಹೊರಗಿನಿಂದ ಇದೆ.

ಹಾಗಂತ ಇದು ಕೆಟ್ಟದ್ದೇನಲ್ಲ. ಮದ್ದೂರು ತಾಲೂಕಿನ ಕೊಕ್ಕರೆ ಬೆಳ್ಳೂರಿಗೆ ಒಮ್ಮೆ ಹೋಗಿ ಬನ್ನಿ, ಬೇಸಿಗೆಗೆ ಮುಂಚೆ. ಊರ ನಡುವೆ, ಹಟ್ಟಿಯ ಪಕ್ಕ, ಮನೆ ಹೆಂಚಿನ ಮೇಲೆ ಬಾಗಿದ ಹುಣಸೆ ಮರಗಳು. ಅದರ ತುಂಬಾ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ. ಕೆಳಗೆ ನಿಂತರೆ ಅರ್ಧ ಜೀರ್ಣವಾದ ಮೀನಿನ ವಾಸನೆ, ತಲೆ ಮೇಲೆ ಹಿಕ್ಕೆ ಬೀಳದಿದ್ದರೆ ಅದೃಷ್ಟ. ಮರ ಖಾಸಗಿಯವರದ್ದು. ಹಕ್ಕಿ ಕೂತರೆ ಹುಣಸೆ ಫಸಲು ಹೋಯಿತು. ಆದರೂ ಅಲ್ಲಿನವರಿಗೆ ಇವು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು. ಬಿದ್ದ ಹಿಕ್ಕೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕುತ್ತಾರೆ. ಫಸಲು ಬಿಟ್ಟದ್ದಕ್ಕೆ ಮರದ ಮಾಲೀಕರಿಗೆ ಅರಣ್ಯ ಇಲಾಖೆ ಹಣ ಕೊಡುವ ಪದ್ಧತಿ ಇದೆ. ಅದು ಸಾಲದು ಅನ್ನುವ ಮಾತೂ ಇದೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ಸಾಕಲು ಊರ ಹುಡುಗರೇ ಹೆಜ್ಜಾರ್ಲೆ ಬಳಗ ಕಟ್ಟಿದರು. 2007ರಲ್ಲಿ ಅದು ಸಮುದಾಯ ಮೀಸಲು ಆಯಿತು. ಆದರೆ ಗಮನಿಸಿ, ಅಲ್ಲಿ ಕಾಗದ ಬಂದದ್ದು ಕೊನೆಗೆ. ಊರಿನ ಒಪ್ಪಂದ ಎಷ್ಟೋ ತಲೆಮಾರಿನ ಹಿಂದೆಯೇ ಆಗಿತ್ತು. ಮೇಘಾಲಯ, ನಾಗಾಲ್ಯಾಂಡ್‌ನಲ್ಲಿ ಇಂಥ ಮೀಸಲುಗಳು ದೇಶದಲ್ಲೇ ಹೆಚ್ಚು ಇರುವುದಕ್ಕೂ ಕಾರಣ ಇದೇ, ಅಲ್ಲಿ ಕಾಡು ಮೊದಲಿಂದಲೂ ಊರಿನದ್ದೇ.

ಮೂರನೇ ದಾರಿ, ಸಂಸ್ಥೆಯ ಜೊತೆ ಖಾಸಗಿ ಕರಾರು. ಮಹಾರಾಷ್ಟ್ರದ ಸಂಗಮೇಶ್ವರದ ಕಡೆ ಪುಣೆಯ ಅಪ್ಲೈಡ್ ಎನ್ವಿರಾನ್‌ಮೆಂಟಲ್ ರಿಸರ್ಚ್ ಫೌಂಡೇಶನ್ ಜಮೀನಿನವರ ಜೊತೆ ಕಾಡು ಕಡಿಯದ ಹಾಗೆ ಒಪ್ಪಂದ ಮಾಡಿಕೊಂಡಿದೆ. ವಾಲ್ಪಾರೈಯಲ್ಲಿ ಚಹಾ ಕಂಪನಿಗಳ ಜಮೀನಿನ ನಡುವೆ ಉಳಿದ ಮಳೆಕಾಡಿನ ತುಂಡುಗಳನ್ನು ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಎರಡು ದಶಕಕ್ಕೂ ಹೆಚ್ಚು ಕಾಲದಿಂದ ಮತ್ತೆ ಬೆಳೆಸುತ್ತಿದೆ. ಇಂಥ ಕರಾರು ನಿಮ್ಮನ್ನೂ ಸಂಸ್ಥೆಯನ್ನೂ ಮಾತ್ರ ಕಟ್ಟುತ್ತದೆ. ನಾಳೆ ನಿಮ್ಮ ಮಗ ತೋಟ ಮಾರಿದರೆ ಕೊಂಡವನಿಗೆ ಅದರ ಹಂಗಿಲ್ಲ. ಅಮೆರಿಕದಲ್ಲಿ ಜಮೀನಿನ ಜೊತೆಗೇ ಶಾಶ್ವತವಾಗಿ ಹೋಗುವ ಕನ್ಸರ್ವೇಶನ್ ಈಸ್‌ಮೆಂಟ್ ಅಂತ ಒಂದಿದೆ, ನಿಮ್ಮ ತಮ್ಮ ಅದನ್ನೂ ಹೇಳಿರಬಹುದು. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯಲ್ಲಿ ಆ ಹಕ್ಕು ಇನ್ನೊಂದು ಜಮೀನಿನ ಅನುಕೂಲಕ್ಕೆ ಇರಬೇಕು, ದಾರಿ, ನೀರಿನ ಕಾಲುವೆ ಇದ್ದ ಹಾಗೆ. ಪಕ್ಕದಲ್ಲಿ ಜಮೀನೇ ಇಲ್ಲದ ಸಂಸ್ಥೆ ಅದನ್ನು ಹಿಡಿದುಕೊಳ್ಳಲು ಆಗಲ್ಲ.

ನಿಮ್ಮ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆ ಹೇಳುತ್ತೇನೆ.

ಮೊದಲು ಪಹಣಿ ತೆಗೆಸುತ್ತಿದ್ದೆ. ಬೇಜಾರು ಮಾಡ್ಕೋಬೇಡಿ, ಆ ಐದಾರು ಎಕರೆ ನಿಜವಾಗಿಯೂ ನಿಮ್ಮ ಹೆಸರಲ್ಲಿದೆಯಾ? ಹಳ್ಳದ ಪಕ್ಕದ ಜಾಗ ಅರ್ಧ ಹಿಡುವಳಿ, ಅರ್ಧ ಸರ್ಕಾರಿ ಆಗಿರುವುದು ಮಲೆನಾಡಿನಲ್ಲಿ ಮನೆಮನೆ ಕಥೆ. ಈ ಜಾಗವನ್ನು ಮೀಸಲು ಅರಣ್ಯ ಮಾಡಲು ಹೊರಟಿದ್ದೇವೆ ಅನ್ನುವ ಅರಣ್ಯ ಕಾಯ್ದೆಯ ಸೆಕ್ಷನ್ 4ರ ಅಧಿಸೂಚನೆ ಏನಾದರೂ ಆ ಸರ್ವೆ ನಂಬರಿಗೆ ಇದೆಯಾ, ಪಹಣಿಯ 11ನೇ ಕಾಲಂನಲ್ಲಿ ಏನು ಬರೆದಿದೆ, ನೋಡಿ. ಇದು ಇತ್ಯರ್ಥ ಆಗದೆ ಯಾವ ಒಪ್ಪಂದದ ಮಾತೂ ಬೇಡ.

ಆಮೇಲೆ ಮೊದಲ ದಿನದ ಲೆಕ್ಕವನ್ನು ನಾನೇ ಬರೆದಿಡುತ್ತಿದ್ದೆ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣ ಇದೆ. ವರ್ಷಗಳ ಹಿಂದೆ ಒಬ್ಬ ಬೆಳೆಗಾರರಿಗೆ ಇಂಥದೇ ಕರಾರು ಮಾಡಿಸಲು ನಾನೇ ಜೊತೆಗೆ ಕೂತಿದ್ದೆ. ಕರಾರಿನಲ್ಲಿ 'ಈಗಿರುವ ಮರಗಳನ್ನು ಕಾಪಾಡತಕ್ಕದ್ದು' ಅಂತ ಬರೆದೆವು. ಎಷ್ಟು ಮರ, ಯಾವ ಮರ ಅಂತ ಬರೆಯಲಿಲ್ಲ. ಮಳೆಗೆ ಎರಡು ದೊಡ್ಡ ಮರ ಬಿದ್ದವು. ಬಿದ್ದದ್ದಾ ಬೀಳಿಸಿದ್ದಾ ಅಂತ ಶುರುವಾದ ಮಾತು ಮುಗಿಯಲೇ ಇಲ್ಲ. ಒಳ್ಳೇ ಸ್ನೇಹ ಹಾಳಾಯಿತು. ತಪ್ಪು ನನ್ನದೂ ಇತ್ತು.

ಅದಕ್ಕೇ ಹೇಳುತ್ತೇನೆ, ಒಂದು ಟೇಪು, ಒಂದು ಡಬ್ಬಿ ಬಿಳಿ ಬಣ್ಣ, ಒಂದು ಉದ್ದ ನೋಟ್‌ಬುಕ್ ತಗೊಳ್ಳಿ. ಎದೆ ಎತ್ತರದಲ್ಲಿ ಒಂದು ಮೊಳ ದಪ್ಪ ಮೀರಿದ ಪ್ರತಿ ಮರಕ್ಕೂ ನಂಬರ್ ಬರೆದು, ಸುತ್ತಳತೆ, ಹೆಸರು ಬರೆಯಿರಿ. ಹೆಸರು ಗೊತ್ತಾಗದಿದ್ದರೆ ತೋಟದ ಹಳೇ ಆಳುಗಳನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ. ಹಳ್ಳದ ನಾಲ್ಕು ಕಡೆಯಿಂದ ತಾರೀಖು ಬರುವ ಹಾಗೆ ಫೋಟೊ ತೆಗೆಯಿರಿ. ಈ ನೋಟ್‌ಬುಕ್ ಇಟ್ಟುಕೊಂಡು ಯಾವುದಾದರೂ ಒಳ್ಳೇ ಸಂಸ್ಥೆಯ ಜೊತೆ ಐದು ಅಥವಾ ಹತ್ತು ವರ್ಷದ ಕರಾರು ಮಾಡಿಕೊಳ್ಳಿ. ಬರೀ ಆ ಐದಾರು ಎಕರೆಗೆ, ಸರ್ವೆ ಸ್ಕೆಚ್ ಲಗತ್ತಿಸಿ. ಕಾಫಿ ತೋಟ ಅದರೊಳಗೆ ಬರಬಾರದು. ಅವಧಿ ಮುಗಿದ ಮೇಲೆ ಮೊದಲ ದಿನದ ಪಟ್ಟಿಗಿಂತ ಹೆಚ್ಚಿಗೆ ಬೆಳೆದದ್ದರ ಬಗ್ಗೆ ಸಂಸ್ಥೆ ತಕರಾರು ಎತ್ತುವ ಹಾಗಿಲ್ಲ ಅಂತ ಒಂದು ಸಾಲು ಬರೆಸಿ. ಇಲಾಖೆಯ ಅನುಮತಿ ಬೇಕಾದದ್ದಕ್ಕೆ ಅದು ಹೇಗೂ ಬೇಕೇ, ಆ ಸಾಲು ಸರ್ಕಾರವನ್ನು ಕಟ್ಟುವುದಿಲ್ಲ. ಸಂಸ್ಥೆಯಿಂದ ಬರುವ ಜಗಳವನ್ನಾದರೂ ತಡೆಯುತ್ತದೆ.

ಹತ್ತು ವರ್ಷ ಆದ ಮೇಲೂ ನಿಮಗೆ, ನಿಮ್ಮ ಮಕ್ಕಳಿಗೆ ಅದು ಹಾಗೇ ಇರಲಿ ಅನ್ನಿಸಿದರೆ ಆಗ 36ಸಿ ಬಗ್ಗೆ ಯೋಚಿಸಿ. ಮಕ್ಕಳ ಮಾತು ಕೇಳದೆ ಮಾತ್ರ ಬೇಡ. ಆನೆ ಬಂದು ಬಾಳೆ ತುಳಿದದ್ದಕ್ಕೆ ಪರಿಹಾರ ಬೇಕಾದರೆ ಅದರ ಅರ್ಜಿಯೇ ಬೇರೆ, ಈ ಯಾವ ಒಪ್ಪಂದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೊನೆಗೆ ನೀರುನಾಯಿ. ಇಲಾಖೆಗೆ ತಿಳಿಸಲೇಬೇಕು ಅನ್ನುವ ಕಾನೂನಿಲ್ಲ, ತಿಳಿಸಿದರೆ ತೋಟ ಹೋಗುವುದೂ ಇಲ್ಲ. ಗಾಯವಾಗಿದ್ದು, ಉರುಳಿಗೆ ಬಿದ್ದಿದ್ದು ಕಂಡರೆ ಮಾತ್ರ ತಕ್ಷಣ ಫೋನ್ ಮಾಡಿ. ಅಂದಹಾಗೆ ಹಳ್ಳದ ಬಂಡೆ ಮೇಲೆ ಹಿಕ್ಕೆ ಹುಡುಕಿ ನೋಡಿ. ಒಡೆದ ಏಡಿ ಚಿಪ್ಪು ತುಂಬಿಕೊಂಡಿದ್ದರೆ ಅದು ಬಹುಶಃ ಚಿಕ್ಕ ಜಾತಿಯ ನೀರುನಾಯಿ, ಮಲೆನಾಡಿನ ತೊರೆಗಳಲ್ಲಿ ಇರುವುದು ಅದೇ ಜಾಸ್ತಿ. ಹಳ್ಳಕ್ಕೆ ಪಲ್ಪರ್ ನೀರು, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಕೊಳೆನೀರು, ಬಿಡುವುದನ್ನು ನಿಲ್ಲಿಸಿದರೆ ಏಡಿ ಉಳಿಯುತ್ತವೆ, ಏಡಿ ಉಳಿದರೆ ಅದೂ ಉಳಿಯುತ್ತದೆ. ಫೋಟೊ ತೆಗೆದಿದ್ದರೆ ಫೇಸ್‌ಬುಕ್‌ಗೆ ಹಾಕಿಕೊಳ್ಳಿ, ಬೇಡ ಅನ್ನಲ್ಲ. ಊರಿನ ಹೆಸರು, ಲೊಕೇಶನ್ ಮಾತ್ರ ಹಾಕಬೇಡಿ. ಅದರ ಚರ್ಮಕ್ಕೆ ಕೊಳ್ಳುವವರು ಈಗಲೂ ಇದ್ದಾರೆ.